27 ಎಂದರೆ 1927 ಅಲ್ಲ

ವಾದ್ಯದ ಮಾತು: ಓದುಗರ ಪ್ರಶ್ನೆಗಳಿಗೆ ಹಾಸನದ ವಾದ್ಯ ರಿಪೇರಿಗಾರರೊಬ್ಬರ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ಚಿಕ್ಕಮಗಳೂರಿನ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿಯೋನೆಟ್ ನುಡಿಸುತ್ತಿದ್ದರು. ಅವರು ತೀರಿಕೊಂಡು ಮೂವತ್ತು ವರ್ಷಗಳಾದವು. ಕಳೆದ ತಿಂಗಳು ಅಟ್ಟ ಗುಡಿಸುವಾಗ ಅದರ ಪೆಟ್ಟಿಗೆ ಸಿಕ್ಕಿತು. ವಾದ್ಯದ ಮೇಲೆ ‘ಬೂಸಿ ಅಂಡ್ ಹಾಕ್ಸ್, ಲಂಡನ್’ ಎಂದೂ ‘ರೀಜೆಂಟ್’ ಎಂದೂ ಇಂಗ್ಲಿಷ್ ಅಕ್ಷರಗಳಿವೆ. ಒಂದು ಕೀಯ ಅಡಿಯಲ್ಲಿ 27 ಎಂಬ ಸಂಖ್ಯೆ ಇದೆ. ಹಾಗಾದರೆ ಇದು 1927ರ ವಾದ್ಯವೇ? ನೂರು ವರ್ಷ ಹಳೆಯದೆಂದು ಹೇಳಿ ಒಬ್ಬರು ಕೊಳ್ಳಲು ಬಂದಿದ್ದಾರೆ. ಇನ್ನೊಬ್ಬರು ಗುಜರಿಗೆ ಹಾಕಿ ಎಂದರು. ಯಾರ ಮಾತನ್ನು ನಂಬಲಿ?
ನಿವೃತ್ತ ಶಿಕ್ಷಕಿ, ಮೂಡಿಗೆರೆ

ಉತ್ತರ: ತಾಯಿ, ಸದ್ಯಕ್ಕೆ ಇಬ್ಬರ ಮಾತನ್ನೂ ನಂಬಬೇಡಿ. ನಿಮ್ಮ ಪತ್ರ ಓದಿದ ದಿನವೇ ಪತ್ರಿಕೆಯ ಕಚೇರಿಯವರಿಗೆ ಹೇಳಿ ನಿಮ್ಮಿಂದ ಚಿತ್ರಗಳನ್ನು ತರಿಸಿಕೊಂಡೆ. ಅವನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಆ 27ರ ವಿಷಯ. ಕ್ಲಾರಿಯೋನೆಟ್ ಅಂದರೆ ಕ್ಲಾರಿನೆಟ್ಟೇ. ಅದರ ಕೀಗಳನ್ನು, ಅಂದರೆ ರಂಧ್ರಗಳನ್ನು ಮುಚ್ಚಿ ತೆರೆಯುವ ಲೋಹದ ಸನ್ನೆಗಳನ್ನು, ಒಂದೊಂದು ವಾದ್ಯಕ್ಕೂ ಅಳತೆ ನೋಡಿ, ಉಜ್ಜಿ, ಕೈಯಿಂದಲೇ ಕೂರಿಸುತ್ತಿದ್ದರು. ಹಾಗೆ ಕೂರಿಸಿದ ಮೇಲೆ ಮತ್ತೆ ಬಿಚ್ಚಿ, ನಿಕ್ಕಲ್ ಅಥವಾ ಬೆಳ್ಳಿಯ ಲೇಪಕ್ಕೆ ಕಳುಹಿಸಬೇಕು. ಅಲ್ಲಿ ಹತ್ತಾರು ವಾದ್ಯಗಳ ಕೀಗಳು ಒಂದೆಡೆ ಸೇರುತ್ತವೆ. ನೋಡಲು ಎಲ್ಲವೂ ಒಂದೇ ತೆರ, ಆದರೆ ಒಂದರ ಕೀ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಹಿಂದೆ ಅಗಸರು ಯಾರ ಮನೆಯ ಬಟ್ಟೆ ಎಂದು ತಿಳಿಯಲು ಅಂಚಿನಲ್ಲಿ ಕರಿಗೇರಿನ ಗುರುತು ಹಾಕುತ್ತಿದ್ದರಲ್ಲ, ಈ 27 ಅಂಥದೇ ಗುರುತು. ಅದು ಕಾರ್ಖಾನೆಯ ಒಳಗಿನ ಲೆಕ್ಕ. ವರ್ಷಕ್ಕೂ ಅದಕ್ಕೂ ಸಂಬಂಧವಿಲ್ಲ. ಕೀಯ ಅಡಿಯಲ್ಲಿ, ತುಂಡುಗಳು ಜೋಡಾಗುವ ಕಡೆ ಕಾರ್ಕ್ ಸುತ್ತಿದ ಕೊನೆಯಲ್ಲಿ ಕಾಣುವ ಒಂದಂಕಿ, ಎರಡಂಕಿಯ ಸಂಖ್ಯೆಗಳನ್ನು ಇಸವಿ ಎಂದು ಓದಿ ಮೋಸಹೋದವರನ್ನು ನಾನು ಬಹಳ ಮಂದಿ ಕಂಡಿದ್ದೇನೆ.

ನಿಮ್ಮ ವಾದ್ಯ 1927ರದಲ್ಲ ಎಂಬುದಕ್ಕೆ ಅದರ ಮೇಲಿನ ಹೆಸರೇ ಸಾಕ್ಷಿ. ಬೂಸಿ ಅಂಡ್ ಕಂಪನಿ, ಹಾಕ್ಸ್ ಅಂಡ್ ಸನ್ ಎಂಬ ಎರಡು ಸಂಸ್ಥೆಗಳು ಲಂಡನ್ನಿನಲ್ಲಿ ಬೇರೆ ಬೇರೆಯಾಗಿದ್ದವು. ಎರಡೂ ಒಂದಾದದ್ದು 1930ರಲ್ಲಿ. 1927ರಲ್ಲಿ ಈ ಜೋಡಿ ಹೆಸರೇ ಹುಟ್ಟಿರಲಿಲ್ಲ. ಆದ್ದರಿಂದ ನಿಮ್ಮ ವಾದ್ಯ 1930ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ನೂರು ವರ್ಷದ್ದು ಎಂದು ಬಂದವರು ಈ ಒಂದು ಸಂಗತಿಯನ್ನು ತಿಳಿದುಕೊಳ್ಳಲಿ.

ಇನ್ನು ನಿಜವಾದ ಸಂಖ್ಯೆ. ಊದುವ ಮೌತ್‌ಪೀಸ್, ಅದರ ಕೆಳಗಿನ ಗಿಡ್ಡ ಕೊಳವೆಯಾದ ಬ್ಯಾರಲ್, ಮೇಲಿನ ತುಂಡು, ಕೆಳಗಿನ ತುಂಡು, ಕೊನೆಯ ಅಗಲ ಬಾಯಿಯಾದ ಬೆಲ್ ಎಂದು ಕ್ಲಾರಿನೆಟ್ಟಿಗೆ ಐದು ಭಾಗಗಳು. ತಯಾರಕರು ಸರಣಿ ಸಂಖ್ಯೆಯನ್ನು ಒತ್ತುವುದು ಸಾಮಾನ್ಯವಾಗಿ ಮೇಲಿನ ಮತ್ತು ಕೆಳಗಿನ ತುಂಡುಗಳ ಹಿಂಬದಿಗೆ, ಅಂದರೆ ಹೆಬ್ಬೆರಳು ಕೂರುವ ಕಡೆಗೆ. ಮೂವತ್ತು ವರ್ಷದ ಧೂಳು, ಅದಕ್ಕಿಂತ ಹಿಂದಿನ ಬೆವರು, ಎಣ್ಣೆ ಎಲ್ಲವೂ ಆ ಅಂಕಿಗಳ ಒಳಗೆ ಕೂತಿರುತ್ತವೆ. ಒಣಗಿದ ಮೆತ್ತನೆಯ ಹತ್ತಿಬಟ್ಟೆಯಿಂದ ಒರೆಸಿ, ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ ಎಂದು ನಿಮಗೆ ಫೋನಿನಲ್ಲಿ ಹೇಳಿದ್ದು ಇದಕ್ಕಾಗಿ. ನೇರ ಬೆಳಕಿನಲ್ಲಿ ಕಾಣದ ಅಂಕಿ ಓರೆ ಬೆಳಕಿನ ನೆರಳಿನಲ್ಲಿ ಎದ್ದು ಕಾಣುತ್ತದೆ. ಬೇಲೂರಿನಲ್ಲಿ ಶಾಸನ ಓದುವವರೂ ಹೀಗೆಯೇ ಬೆಳಕು ಹಿಡಿಯುವುದನ್ನು ನೋಡಿದ್ದೇನೆ. ದಯವಿಟ್ಟು ಯಾರೂ ಮರಳು ಕಾಗದ ಮುಟ್ಟಿಸಬೇಡಿ. ಒಮ್ಮೆ ಉಜ್ಜಿಹೋದ ಸಂಖ್ಯೆ ಮತ್ತೆ ಬರುವುದಿಲ್ಲ.

ನೀವು ಕಳುಹಿಸಿದ ಎರಡನೆಯ ಚಿತ್ರದಲ್ಲಿ ಸಂಖ್ಯೆ ಸ್ಪಷ್ಟವಾಗಿದೆ. ಆರು ಅಂಕಿ, ಮೊದಲನೆಯದು 1. ಈ ಸಂಸ್ಥೆಯ ಕ್ಲಾರಿನೆಟ್ಟುಗಳ ಆರಂಕಿಯ ಸಂಖ್ಯೆಗಳು ಎರಡನೆಯ ಮಹಾಯುದ್ಧ ಮುಗಿದ ನಂತರದವು. ಹಾಗಾದರೆ ಈ ಕಡೆಯ ಗಡಿ ಯಾವುದು? ಅದನ್ನು ನೀವೇ ಕೊಟ್ಟಿದ್ದೀರಿ. ತಂದೆಯವರು ಸಮವಸ್ತ್ರ ತೊಟ್ಟು, ವಾದ್ಯವನ್ನು ಎದೆಗೆ ಆನಿಸಿಕೊಂಡು ನಿಂತ ಚಿತ್ರದ ಹಿಂದೆ 1961 ಎಂದು ಶಾಯಿಯಲ್ಲಿ ಬರೆದಿದೆ. ಭೂತಗನ್ನಡಿ ಹಿಡಿದು ನೋಡಿದೆ. ಬ್ಯಾರಲ್ಲಿನ ಮೇಲಿನ ಉಂಗುರದಲ್ಲಿ ಇರುವ ಸಣ್ಣ ತಗ್ಗು ನಿಮ್ಮ ವಾದ್ಯದಲ್ಲೂ ಅದೇ ಜಾಗದಲ್ಲಿದೆ. ಅದೇ ವಾದ್ಯ, ಸಂಶಯವಿಲ್ಲ. ಯುದ್ಧದ ನಂತರ, 1961ರ ಒಳಗೆ. ಇಷ್ಟನ್ನು ಧೈರ್ಯವಾಗಿ ಹೇಳುತ್ತೇನೆ.

ಇನ್ನೂ ಹತ್ತಿರದ ವರ್ಷ ಬೇಕಾದರೆ ಒಂದು ದಾರಿ ಇದೆ. ಆ ಸಂಸ್ಥೆಯ ಹಳೆಯ ದಾಖಲೆ ಪುಸ್ತಕಗಳು ಈಗ ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದಲ್ಲಿವೆ. ಸಂಖ್ಯೆ, ಮಾದರಿಯ ಹೆಸರು, ಚಿತ್ರ ಈ ಮೂರನ್ನೂ ಸೇರಿಸಿ ಅವರಿಗೆ ಬರೆಯಿರಿ. ಒಂದು ಮಾತು ನೆನಪಿರಲಿ: ಸಂಖ್ಯೆ ಬಿದ್ದ ದಿನವೇ ವಾದ್ಯ ಅಂಗಡಿಗೆ ಬರುವುದಿಲ್ಲ. ಕಾರ್ಖಾನೆಯಿಂದ ಗೋದಾಮಿಗೆ, ಅಲ್ಲಿಂದ ಹಡಗಿಗೆ, ಮದರಾಸಿಗೋ ಬೊಂಬಾಯಿಗೋ ಬಂದು, ಅಲ್ಲಿನ ಅಂಗಡಿಯ ಗಾಜಿನ ಕಪಾಟಿನಲ್ಲಿ ಕೂತು, ಕೊನೆಗೆ ಚಿಕ್ಕಮಗಳೂರು ಸೇರುವ ಹೊತ್ತಿಗೆ ವರ್ಷಗಳೇ ಉರುಳಿರಬಹುದು. ತಂದೆಯವರು ಕೊಂಡ ವರ್ಷ ಬೇರೆ, ಅದು ಹುಟ್ಟಿದ ವರ್ಷ ಬೇರೆ.

ಮಾದರಿಯ ವಿಷಯದಲ್ಲಿ ನಿಮಗೆ ಕಷ್ಟವಿಲ್ಲ, ಹೆಸರೇ ಬರೆದಿದೆ. ಬೂಸಿ ಅಂಡ್ ಹಾಕ್ಸ್‌ನವರಲ್ಲಿ ರೀಜೆಂಟ್ ಎಂಬುದು ಕಲಿಯುವವರ, ಬ್ಯಾಂಡಿನವರ ಮಾದರಿ. ಅದರ ಮೇಲೆ ಎಡ್ಜ್‌ವೇರ್, ಅವರ ಕಾರ್ಖಾನೆ ಇದ್ದ ಊರಿನ ಹೆಸರು. ಅದಕ್ಕೂ ಮೇಲೆ ಎಂಪರರ್. ಎಲ್ಲಕ್ಕೂ ಮೇಲಿನ ಸಾಲಿನಲ್ಲಿ ಇಂಪೀರಿಯಲ್ ಮತ್ತು ದೊಡ್ಡ ವಾದ್ಯಗೋಷ್ಠಿಗಳವರು ಬಳಸುತ್ತಿದ್ದ ಸಿಂಫನಿ 1010. ಹಾಗಾಗಿ ದೊಡ್ಡ ಮೊತ್ತದ ಆಸೆ ಹುಟ್ಟಿಸುವವರಿಂದ ದೂರವಿರಿ. ಆದರೆ ಗುಜರಿಗೆ ಎಂದವರ ಮಾತು ನನಗೆ ನಿಜಕ್ಕೂ ನೋವು ತಂದಿತು. ನಿಮ್ಮ ಚಿತ್ರದಲ್ಲಿ ಬೆಲ್ಲಿನ ಅಂಚಿನ ಹತ್ತಿರ ಕಾಣುವ ಎಳೆ ಮರದ್ದು. ಅದು ಆಫ್ರಿಕಾದ ಗ್ರೆನಡಿಲ್ಲಾ, ತಾಂಜಾನಿಯಾ, ಮೊಜಾಂಬಿಕ್ ಕಡೆ ಬೆಳೆಯುವ ಕಪ್ಪು ಮರ. ನಿಮ್ಮ ಊರಿನ ಸುತ್ತ ಕಾಫಿ ತೋಟಗಳಲ್ಲಿ ನಿಂತಿರುವ ಬೀಟೆ ಮರದ ಹತ್ತಿರದ ಬಂಧು, ಇಬ್ಬರದೂ ಒಂದೇ ಕುಲ. ಬೀಟೆಯನ್ನು ಗೌರವಿಸಲು ಗೊತ್ತಿರುವ ಊರಿನವರು ಇದನ್ನು ಗುಜರಿಗೆ ಹಾಕಬಾರದು. ಮರವಲ್ಲದೆ ಎಬೊನೈಟ್ ಎಂಬ ಗಟ್ಟಿ ರಬ್ಬರಿನಲ್ಲೂ ಆ ಕಾಲದಲ್ಲಿ ಕ್ಲಾರಿನೆಟ್ ಮಾಡುತ್ತಿದ್ದರು. ಅದಾಗಿದ್ದರೆ ಬೆಳಕು ಬಿದ್ದ ಕಡೆ ಹಸಿರು ಮಿಶ್ರಿತ ಕಂದು ಬಣ್ಣ ಬರುತ್ತದೆ, ಅಂಗೈಯಿಂದ ಜೋರಾಗಿ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ. ನಿಮ್ಮದು ಹಾಗಿಲ್ಲ.

ಒಂದೇ ಒಂದು ಎಚ್ಚರಿಕೆ. ಮೊಮ್ಮಗ ಉತ್ಸಾಹದಿಂದ ಊದಲು ಕೂರುತ್ತಾನೆ ಎಂದು ಬರೆದಿದ್ದೀರಿ. ಈಗಲೇ ಬೇಡ. ಅಟ್ಟದಲ್ಲಿ, ಒಲೆಯ ಹೊಗೆಯ ಮೇಲೆ ಮೂವತ್ತು ವರ್ಷ ಒಣಗಿದ ಮರಕ್ಕೆ ಒಳಗಿನಿಂದ ಬಿಸಿ, ತೇವದ ಉಸಿರು ಒಮ್ಮೆಗೇ ಹೊಕ್ಕರೆ ಒಳಭಾಗ ಉಬ್ಬುತ್ತದೆ, ಹೊರಭಾಗ ಹಾಗೆಯೇ ಇರುತ್ತದೆ, ಮರ ಸೀಳುತ್ತದೆ. ಸೀಳು ಬೀಳುವುದು ಹೆಚ್ಚಾಗಿ ಮೇಲಿನ ತುಂಡಿನಲ್ಲೇ. ಮೊದಲು ಪ್ಯಾಡುಗಳನ್ನು, ಅಂದರೆ ಕೀಗಳ ಅಡಿಯಲ್ಲಿ ರಂಧ್ರ ಮುಚ್ಚುವ ಮೆತ್ತೆಗಳನ್ನು, ಬದಲಿಸಬೇಕು, ಹುಳು ತಿಂದಿರುವುದು ಚಿತ್ರದಲ್ಲೇ ಕಾಣುತ್ತಿದೆ. ಕಾರ್ಕುಗಳನ್ನೂ ಹೊಸದಾಗಿ ಸುತ್ತಬೇಕು. ಅನಂತರ ಮೊದಲ ವಾರ ದಿನಕ್ಕೆ ಐದು ನಿಮಿಷ, ಎರಡನೆಯ ವಾರ ಹತ್ತು ನಿಮಿಷ, ಹೀಗೆ ಏರಿಸುತ್ತ ಹೋಗಬೇಕು. ಪ್ರತಿ ಸಲವೂ ಒಳಗೆ ಬಟ್ಟೆ ಎಳೆದು ಒಣಗಿಸಬೇಕು. ಕೊಬ್ಬರಿ ಎಣ್ಣೆ ಹಚ್ಚಬೇಡಿ. ನಮ್ಮ ಕಡೆ ಎಲ್ಲದಕ್ಕೂ ಅದನ್ನೇ ಹಚ್ಚುವ ರೂಢಿ ಇದೆ, ಇಲ್ಲಿ ಅದು ಪ್ಯಾಡುಗಳಿಗೆ ಅಂಟಿ ಕೆಡಿಸುತ್ತದೆ.

ಪ್ರಶ್ನೆ: ಸೇನೆಯ ಬ್ಯಾಂಡಿನಲ್ಲಿದ್ದ ನಮ್ಮ ಸೋದರಮಾವ ಬಿಟ್ಟುಹೋದ ಕ್ಲಾರಿನೆಟ್ ಮೇಲೆ ‘ಬಫೆ ಕ್ರಾಂಪಾನ್, ಪ್ಯಾರಿಸ್’ ಎಂದಿದೆ. ಮಾದರಿಯ ಹೆಸರು ಎಲ್ಲೂ ಇಲ್ಲ. ಮೇಲಿನ ತುಂಡಿನ ಸಂಖ್ಯೆಯೇ ಒಂದು, ಕೆಳಗಿನ ತುಂಡಿನ ಸಂಖ್ಯೆಯೇ ಇನ್ನೊಂದು. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು?
ಅಡಿಕೆ ವ್ಯಾಪಾರಿ, ಅರಸೀಕೆರೆ

ಉತ್ತರ: ಎರಡನ್ನೂ ಹಿಡಿಯಬೇಕು. ನಿಮ್ಮ ಬಳಿ ಇರುವುದು ಎರಡು ವಾದ್ಯಗಳ ಅರ್ಧರ್ಧ. ಒಂದೇ ವಾದ್ಯದ ಎರಡು ತುಂಡುಗಳು ಒಂದೇ ಸಂಖ್ಯೆಯನ್ನು ಹೊತ್ತು ಹೊರಬರುತ್ತವೆ. ಬ್ಯಾಂಡಿನ ಕೋಣೆಯಲ್ಲಿ ಹತ್ತು ಪೆಟ್ಟಿಗೆಗಳು ಸಾಲಾಗಿ ತೆರೆದಿದ್ದಾಗ ಅದಲು ಬದಲಾಗುವುದು ಸುಲಭ. ಒಂದು ಸೀಳಿದಾಗ ಉಳಿದ ಅರ್ಧಕ್ಕೆ ಬೇರೆಯದರ ಅರ್ಧವನ್ನು ಜೋಡಿಸಿರುವುದೂ ಉಂಟು. ಸೋದರಮಾವನವರ ತಪ್ಪೆಂದು ಎಣಿಸಬೇಡಿ.

ಮಾದರಿಯ ಹೆಸರಿಲ್ಲದ್ದು ಕೊರತೆಯಲ್ಲ. ಬಫೆ ಕ್ರಾಂಪಾನ್ 1825ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸಂಸ್ಥೆ. ಅವರ ಕಾರ್ಯಾಗಾರ ಮಾಂತ್-ಲಾ-ವಿಲ್ ಎಂಬ ಊರಿನಲ್ಲಿದೆ. ರಾಬರ್ಟ್ ಕಾರೇ ಎಂಬ ಕುಶಲಕರ್ಮಿ 1950ರ ದಶಕದಲ್ಲಿ ರೂಪಿಸಿದ ಆರ್-13 ಎಂಬ ಮಾದರಿಯನ್ನು ಇಂದಿಗೂ ಜಗತ್ತಿನ ದೊಡ್ಡ ವಾದ್ಯಗೋಷ್ಠಿಗಳವರು ನುಡಿಸುತ್ತಾರೆ. ಆದರೆ ಆ ಹಳೆಯ ಆರ್-13ರ ದೇಹದ ಮೇಲೆ ಆರ್-13 ಎಂಬ ಅಕ್ಷರಗಳೇ ಇರುವುದಿಲ್ಲ. ಸಂಖ್ಯೆಯಿಂದ ವರ್ಷ ತಿಳಿದು, ವರ್ಷದಿಂದ ಮಾದರಿ ತಿಳಿಯಬೇಕು. ಇಲ್ಲಿ ಸಂಖ್ಯೆಯೇ ಮಾದರಿಯ ಹೆಸರೂ ಆಗುತ್ತದೆ. ಇದೇ ಸಂಸ್ಥೆ ಎವೆಟ್ ಎಂಬ ಹೆಸರಿನಲ್ಲಿ ಕಲಿಯುವವರ ವಾದ್ಯಗಳನ್ನೂ ಮಾರುತ್ತಿತ್ತು. ಅವುಗಳ ಸಂಖ್ಯೆಯನ್ನು ಬಫೆಯ ಸರಣಿ ಸಂಖ್ಯೆಗಳ ಪಟ್ಟಿಯಲ್ಲಿ ಹುಡುಕಿದರೆ ತಪ್ಪು ವರ್ಷ ಸಿಗುತ್ತದೆ. ಎವೆಟ್ ಎಂಬ ಪದ ಎಲ್ಲೂ ಇಲ್ಲ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಅನಂತರ ಎರಡೂ ಸಂಖ್ಯೆಗಳನ್ನು ಬೇರೆ ಬೇರೆಯಾಗಿ ಹುಡುಕಿ. ಎರಡರ ವರ್ಷಗಳೂ ಹತ್ತಿರ ಹತ್ತಿರ ಬಂದರೆ ನಿಮ್ಮ ಅದೃಷ್ಟ, ನಾದ ಕೂಡುವ ಸಾಧ್ಯತೆ ಹೆಚ್ಚು. ದೂರದೂರ ಬಂದರೆ ಒಳಗಿನ ಕೊಳವೆಯ ಅಳತೆಯೇ ಬೇರೆಯಾಗಿರುತ್ತದೆ, ಮಧ್ಯ ಸ್ಥಾಯಿಯಲ್ಲಿ ಸ್ವರಗಳು ಅಲುಗುತ್ತವೆ. ಮಾರುವುದಾದರೆ ಎರಡು ಸಂಖ್ಯೆಗಳಿವೆ ಎಂಬುದನ್ನು ಕೊಳ್ಳುವವರಿಗೆ ತಿಳಿಸಿಯೇ ಮಾರಿ.

ಪ್ರಶ್ನೆ: ಮೊಬೈಲಿನಲ್ಲಿ ನೋಡಿ ಹಳೆಯ ಕ್ಲಾರಿನೆಟ್ ಕೊಂಡೆ. ‘ಪ್ಯಾರಿಸ್’ ಎಂದು ಬರೆದಿದೆ. ಸಂಖ್ಯೆ ಎಲ್ಲೂ ಇಲ್ಲ. ನಾನು ಮೋಸಹೋದೆನೇ?
ಪದವಿ ವಿದ್ಯಾರ್ಥಿ, ಸಕಲೇಶಪುರ

ಉತ್ತರ: ತಮ್ಮಾ, ಕೊಟ್ಟ ಬೆಲೆ ಎಷ್ಟೆಂದು ನೀವು ಬರೆದಿಲ್ಲ. ‘ಪ್ಯಾರಿಸ್’ ಎಂಬ ಪದವನ್ನು ಯಾರು ಬೇಕಾದರೂ ಒತ್ತಬಹುದು. ಅಂಗಡಿಯವರು ಬೇರೆಯವರಿಂದ ಮಾಡಿಸಿ ತಮ್ಮ ಹೆಸರನ್ನು ಒತ್ತಿ ಮಾರುವ ಪದ್ಧತಿ ಯುರೋಪಿನಲ್ಲೂ ಅಮೆರಿಕದಲ್ಲೂ ಇತ್ತು, ಅಂಥ ವಾದ್ಯಗಳಿಗೆ ಎಷ್ಟೋ ಸಲ ಸಂಖ್ಯೆಯೇ ಇರುವುದಿಲ್ಲ. ನಮ್ಮ ದೇಶದ ಮೀರತ್‌ನಲ್ಲಿ ಬ್ಯಾಂಡ್ ವಾದ್ಯಗಳ ಕಸುಬು ಹತ್ತೊಂಬತ್ತನೆಯ ಶತಮಾನದಿಂದ ನಡೆದು ಬಂದಿದೆ. ಅಲ್ಲಿನ ನಾದಿರ್ ಅಲಿ ಸಂಸ್ಥೆ ಆರಂಭವಾದದ್ದು 1885ರಲ್ಲಿ. ನಿಮ್ಮ ಚಿತ್ರದಲ್ಲಿ ಕಾಣುವ ಕೀಗಳು ಭಾರತದಲ್ಲೇ ಮಾಡಿದವು ಎಂದು ನನಗೆ ಅನ್ನಿಸುತ್ತದೆ. ನಮ್ಮ ಮದುವೆ ಮೆರವಣಿಗೆಗಳ ಪೀಪಿಗಳಲ್ಲಿ ಬಹುಪಾಲು ಅಲ್ಲಿಯವೇ, ಅದರಲ್ಲಿ ನಾಚಿಕೆಯೇನಿಲ್ಲ. ಹೆಸರನ್ನು ಮರೆತು, ಮೇಲಿನ ತುಂಡಿನ ರಂಧ್ರಗಳನ್ನೆಲ್ಲ ಬೆರಳುಗಳಿಂದ ಮುಚ್ಚಿ, ಕೆಳಗಿನ ಬಾಯಿಗೆ ಅಂಗೈ ಒತ್ತಿ ಹಿಡಿದು, ಮೇಲಿನಿಂದ ಗಾಳಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಕಲಿಯಲು ಅಡ್ಡಿಯಿಲ್ಲ. ಗಾಳಿ ಸೋರಿದರೆ ಪ್ಯಾಡ್ ಬದಲಿಸಿ.

ದೇಶದ ಹೆಸರಿದ್ದವರಿಗೆ ಒಂದು ಸಣ್ಣ ಸಹಾಯ: ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949ರಿಂದ 1990ರ ನಡುವಿನದು, ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918ರಿಂದ 1992ರ ನಡುವಿನದು. ಸಂಖ್ಯೆ ಮೂಕವಾದಾಗ ದೇಶದ ಹೆಸರು ಮಾತನಾಡುತ್ತದೆ.

ಪ್ರಶ್ನೆ: ನಮ್ಮ ಭಜನಾ ಮಂಡಳಿಗೆ ದಾನವಾಗಿ ಬಂದ ಕ್ಲಾರಿಯೋನೆಟ್ ಹಾರ್ಮೋನಿಯಂ ಜೊತೆ ಕೂಡುವುದೇ ಇಲ್ಲ, ಯಾವಾಗಲೂ ಸ್ವಲ್ಪ ಮೇಲೆಯೇ ಇರುತ್ತದೆ. ಸಂಖ್ಯೆಯ ಹತ್ತಿರ ‘ಎಚ್.ಪಿ.’ ಎಂಬ ಎರಡು ಅಕ್ಷರಗಳಿವೆ. ಇದು ಮಾದರಿಯ ಹೆಸರೇ?
ದೇವಸ್ಥಾನದ ಭಜನಾ ಮಂಡಳಿಯ ಸದಸ್ಯರು, ಬೇಲೂರು

ಉತ್ತರ: ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ಹದಿನೇಳು ವರ್ಷ ತುಂಬಿದ ದಿನಗಳು ಕಣ್ಮುಂದೆ ಬಂದವು. ನನ್ನ ಮೊದಲ ಕ್ಲಾರಿನೆಟ್ ತಂದದ್ದು ದೂರದ ಊರಿನ ಒಂದು ಅಂಗಡಿಯಿಂದ. ಅವ್ವ ಎರಡು ಬಳೆಗಳನ್ನು ಅಡವಿಟ್ಟು ಹಣ ಕೊಟ್ಟಿದ್ದಳು. ಅಂಗಡಿಯವನು ಸಂಖ್ಯೆ ತೋರಿಸಿ, ‘ಎಷ್ಟು ಹಳೆಯದು ನೋಡಿ, ಇಂಥದು ಈಗ ಸಿಗುವುದಿಲ್ಲ’ ಎಂದ. ಆ ಸಂಖ್ಯೆಯ ಪಕ್ಕದಲ್ಲೇ ಇದೇ ಎರಡು ಅಕ್ಷರಗಳಿದ್ದವು. ಅವನೂ ಅದರ ಅರ್ಥ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಸನಕ್ಕೆ ಬಂದು ಹಾರ್ಮೋನಿಯಂ ಮುಂದೆ ಕೂತರೆ ಶ್ರುತಿ ಕೂಡಲಿಲ್ಲ. ನನ್ನ ಕಿವಿಯೇ ಸರಿಯಿಲ್ಲ ಎಂದು ನಂಬಿ ಎರಡು ವರ್ಷ ಒದ್ದಾಡಿದೆ. ತುಟಿ ಸಡಿಲಿಸಿದೆ, ಬಿಗಿಮಾಡಿದೆ, ರೀಡ್ ಕೆರೆದೆ, ರಾತ್ರಿ ಹೊತ್ತು ಕೆರೆಯ ಏರಿಯ ಮೇಲೆ ಕೂತು ಒಂದೇ ಷಡ್ಜವನ್ನು ಗಂಟೆಗಟ್ಟಲೆ ಊದಿದೆ. ಕೊನೆಗೆ ನನಗೆ ಪಾಠ ಹೇಳುತ್ತಿದ್ದ ಮೇಷ್ಟ್ರು ದರ್ಜಿಯ ಟೇಪು ತರಿಸಿ, ಮೌತ್‌ಪೀಸ್ ತೆಗೆದಿಟ್ಟು, ಬ್ಯಾರಲ್ಲಿನ ಮೇಲ್ತುದಿಯಿಂದ ಬೆಲ್ಲಿನ ಅಂಚಿನವರೆಗೆ ಅಳೆದರು. ಸುಮಾರು 57 ಸೆಂಟಿಮೀಟರ್. ತಮ್ಮದನ್ನು ಪಕ್ಕದಲ್ಲಿಟ್ಟು ಅಳೆದರು. 59ಕ್ಕೂ ಸ್ವಲ್ಪ ಮೇಲೆ. ‘ನಿನ್ನ ಕಿವಿ ಸರಿಯಾಗಿಯೇ ಇದೆಯಪ್ಪ, ಕೊಳವೆ ಗಿಡ್ಡ’ ಎಂದರು. ಅವತ್ತು ನಾನು ಅತ್ತುಬಿಟ್ಟೆ.

ಎಚ್.ಪಿ. ಎಂದರೆ ಹೈ ಪಿಚ್, ಎತ್ತರದ ಶ್ರುತಿ. ಎಲ್.ಪಿ. ಎಂದರೆ ಲೋ ಪಿಚ್. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೂ ಇಪ್ಪತ್ತನೆಯ ಶತಮಾನದ ಆರಂಭದಲ್ಲೂ ಬ್ರಿಟನ್ನಿನ ಬ್ಯಾಂಡುಗಳು ಸೆಕೆಂಡಿಗೆ ಸುಮಾರು 452 ಕಂಪನಗಳ, ಪಾಶ್ಚಾತ್ಯ ಸಂಗೀತದ ‘ಎ’ ಸ್ವರವನ್ನು ಹಿಡಿದು ನುಡಿಸುತ್ತಿದ್ದವು. ಈಗ ಎಲ್ಲೆಡೆ ಬಳಕೆಯಲ್ಲಿರುವುದು 440. ಅದನ್ನು ಒಪ್ಪಿದ ಅಂತರರಾಷ್ಟ್ರೀಯ ಸಭೆ ಲಂಡನ್ನಿನಲ್ಲಿ ನಡೆದದ್ದು 1939ರಲ್ಲಿ. ಎರಡರ ನಡುವಿನ ಅಂತರ ಹಾರ್ಮೋನಿಯಂನ ಒಂದು ಬಿಳಿ ಮನೆಗೂ ಪಕ್ಕದ ಕಪ್ಪು ಮನೆಗೂ ಇರುವ ಅಂತರದ ಹತ್ತಿರ ಹತ್ತಿರ ಅರ್ಧದಷ್ಟು. ಅತ್ತ ಈ ಮನೆಯೂ ಅಲ್ಲ, ಇತ್ತ ಆ ಮನೆಯೂ ಅಲ್ಲ. ಅದಕ್ಕೇ ನಿಮಗೆ ಯಾವ ಮನೆಗೂ ಕೂಡುತ್ತಿಲ್ಲ. ಹಾಗಾಗಿ ಆ ಅಕ್ಷರಗಳು ಮಾದರಿಯ ಹೆಸರಲ್ಲ. ಆದರೆ ವಯಸ್ಸಿನ ವಿಷಯದಲ್ಲಿ ಸಂಖ್ಯೆಗಿಂತ ಹೆಚ್ಚು ಹೇಳುತ್ತವೆ. ಎತ್ತರದ ಶ್ರುತಿ ಬಿಟ್ಟುಹೋದ ಮೇಲೆ ಆ ಗುರುತು ಹಾಕುವ ಅಗತ್ಯವೇ ಉಳಿಯಲಿಲ್ಲ. ನಿಮ್ಮದು ಆ ಹಳೆಯ ಕಾಲದ್ದು ಎಂದು ತಿಳಿಯಬಹುದು.

ಬೆರಳು ಕೂರುವ ರಂಧ್ರಗಳ ಸುತ್ತ ಲೋಹದ ಉಂಗುರಗಳು ಎಷ್ಟಿವೆ ಎಂದೂ ಎಣಿಸಿ ನೋಡಿ. ಆರು ಉಂಗುರ, ಹದಿನೇಳು ಕೀ ಇದ್ದರೆ ಅದು ಬೋಮ್ ಪದ್ಧತಿ. ಕ್ಲೋಸೆ ಎಂಬ ವಾದಕರೂ ಲೂಯಿ ಒಗಸ್ಟ್ ಬಫೆ ಎಂಬ ಕುಶಲಕರ್ಮಿಯೂ ಸೇರಿ 1839ರಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿಟ್ಟದ್ದು. ಬೋಮ್ ಎಂಬುವರು ಕೊಳಲಿನವರು, ಅವರ ವಿಚಾರವನ್ನು ಇವರು ಕ್ಲಾರಿನೆಟ್ಟಿಗೆ ತಂದರು, ಹೆಸರು ಮಾತ್ರ ಅವರದೇ ಉಳಿಯಿತು. ಉಂಗುರಗಳು ಕಡಿಮೆ, ಕೀಗಳು ಹದಿಮೂರರ ಸುಮಾರು ಇದ್ದರೆ ಹಳೆಯ ಸರಳ ಪದ್ಧತಿ. ಬ್ರಸೆಲ್ಸ್ ನಗರದ ಆಲ್ಬರ್ಟ್ ಎಂಬ ತಯಾರಕರ ಹೆಸರಿನಿಂದಲೂ ಅದನ್ನು ಕರೆಯುತ್ತಾರೆ.

ಬ್ಯಾರಲ್ಲನ್ನು ಹೊರಕ್ಕೆ ಎಳೆದು ಶ್ರುತಿ ಇಳಿಸುವ ಪ್ರಯತ್ನ ಬೇಡ. ಅಷ್ಟು ದೂರ ಎಳೆದರೆ ಮೇಲಿನ ರಂಧ್ರಗಳ ಸ್ವರಗಳು ಹೆಚ್ಚು ಇಳಿಯುತ್ತವೆ, ಕೆಳಗಿನವು ಕಡಿಮೆ ಇಳಿಯುತ್ತವೆ, ಸ್ವರಗಳ ನಡುವಿನ ನಂಟೇ ಹರಿಯುತ್ತದೆ. ಉದ್ದನೆಯ ಬ್ಯಾರಲ್ ಮಾಡಿಕೊಡುತ್ತೇನೆ ಎಂದು ಹೇಳುವವರು ಬಂದರೂ ಬೇಡ ಎನ್ನಿ. ನಿಮ್ಮ ಮಂಡಳಿಯ ಭಜನೆಗೆ ಹಾರ್ಮೋನಿಯಂ ಜೊತೆ ಅದನ್ನು ಸೇರಿಸಬೇಡಿ. ಒಂಟಿಯಾಗಿ, ತಂಬೂರಿಯನ್ನು ಅದರ ಶ್ರುತಿಗೇ ಮೀಟಿಕೊಂಡು ನುಡಿಸಿದರೆ ಅದರಲ್ಲಿ ಯಾವ ದೋಷವೂ ಇಲ್ಲ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯಲ್ಲಿ ಸಣ್ಣ ತಿರುಗಣೆ ಇದ್ದರೆ ಇನ್ನೂ ಸುಲಭ.

ಮೊದಲು ಟೇಪು ಹಿಡಿದು ಅಳೆಯಿರಿ. 57ರ ಸುಮಾರು ಬಂದರೆ ನನಗೆ ತಿಳಿಸಿ. ನನ್ನ ಆ ಮೊದಲ ವಾದ್ಯವನ್ನು ನಾನು ಮಾರಲಿಲ್ಲ, ಪ್ಯಾಡುಗಳನ್ನು ಬದಲಿಸುತ್ತ ಇಂದಿಗೂ ಇಟ್ಟುಕೊಂಡಿದ್ದೇನೆ. ಅದರ ಜೊತೆ ಶ್ರುತಿ ಕೂಡುವ ಇನ್ನೊಂದು ಕ್ಲಾರಿನೆಟ್ ಇಷ್ಟು ವರ್ಷ ನನಗೆ ಸಿಕ್ಕಿರಲಿಲ್ಲ. ಬೇಲೂರಿನಿಂದ ಹಾಸನಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಒಂದು ಭಾನುವಾರ ತೆಗೆದುಕೊಂಡು ಬನ್ನಿ, ಎರಡನ್ನೂ ಸೇರಿಸಿ ನುಡಿಸಿ ನೋಡೋಣ.